ಬ್ರೆಡ್ಡಿನ ಮೇಲಿನ ಸೌತೆಕಾಯಿ: ಜೆನ್ನಿ ಬೆನೆಡಿಕ್ಟ್ ಅವರ ಹಸಿರು ಲೇಪ



ಸೌತೆಕಾಯಿಗೂ ಚರಿತ್ರೆಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನಿಮ್ಮ ಪಠ್ಯಪುಸ್ತಕದಲ್ಲಿ ಯುದ್ಧಗಳಿವೆ, ಒಪ್ಪಂದಗಳಿವೆ, ರಾಜರು ಪಟ್ಟಕ್ಕೆ ಬಂದ ಇಸವಿಗಳಿವೆ. ಬ್ರೆಡ್ಡಿಗೆ ಸವರುವ ಒಂದು ತಿನಿಸಿನ ಪ್ರಸ್ತಾಪ ಅಲ್ಲಿ ಇರಲಾರದು. ಆದರೂ ಒಂದು ಊರಿನ ಬದುಕನ್ನು ಅಂಥ ಒಂದು ತಿನಿಸಿನ ಜಾಡು ಹಿಡಿದು ನೋಡಲು ಸಾಧ್ಯವಿದೆ. ಆ ಊರು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್. ಒಹಾಯೋ ನದಿಯ ದಂಡೆಯ ಮೇಲಿರುವ ಈ ನಗರವನ್ನು ಮುಷ್ಟಿಯುದ್ಧದ ಮುಹಮ್ಮದ್ ಅಲಿ ಅವರ ಹುಟ್ಟೂರೆಂದು ನೀವು ಕೇಳಿರುತ್ತೀರಿ. 1875ರಲ್ಲಿ ಆರಂಭವಾದ ಕೆಂಟಕಿ ಡರ್ಬಿ ಎಂಬ ಕುದುರೆ ಪಂದ್ಯ ನಡೆಯುವುದೂ ಅಲ್ಲಿಯೇ.

ಡರ್ಬಿಯ ದಿನ ಆ ಊರಿನ ಮನೆಗಳಲ್ಲಿ ನಡೆಯುವ ಔತಣಗಳಲ್ಲಿ ಒಂದು ತಿನಿಸು ತಪ್ಪದೆ ಕಾಣಿಸಿಕೊಳ್ಳುತ್ತದೆ. ಅಂಚು ಕತ್ತರಿಸಿದ ಬಿಳಿ ಬ್ರೆಡ್ಡಿನ ಎರಡು ತೆಳು ಹೋಳುಗಳ ನಡುವೆ ತಿಳಿಹಸಿರು ಬಣ್ಣದ ನುಣುಪಾದ ಒಂದು ಲೇಪ. ಅದರ ಹೆಸರು ಬೆನೆಡಿಕ್ಟೀನ್. ಕ್ರೀಮ್ ಚೀಸ್‌ಗೆ ಸೌತೆಕಾಯಿಯ ರಸ, ಸ್ವಲ್ಪ ಈರುಳ್ಳಿಯ ರಸ, ಉಪ್ಪು, ಚಿಟಿಕೆ ಕೆಂಪು ಮೆಣಸಿನ ಪುಡಿ ಸೇರಿಸಿ ಕಲಸಿದರೆ ಆಯಿತು. ಒಲೆ ಬೇಡ, ಬೆಂಕಿ ಬೇಡ. ಬೆನೆಡಿಕ್ಟೀನ್ ಎಂಬ ಹೆಸರಿನ ಒಂದು ಫ್ರೆಂಚ್ ಮದ್ಯವಿದೆ, ಎಗ್ಸ್ ಬೆನೆಡಿಕ್ಟ್ ಎಂಬ ಮೊಟ್ಟೆಯ ಖಾದ್ಯವೂ ಇದೆ. ಅವೆರಡಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಲೂಯಿವಿಲ್‌ನ ಒಬ್ಬ ಮಹಿಳೆಯ ಹೆಸರಿನಿಂದ ಬಂದದ್ದು.

ಜೆನ್ನಿ ಕಾರ್ಟರ್ ಬೆನೆಡಿಕ್ಟ್ ಅವರು ಹುಟ್ಟಿದ್ದು 1860ರಲ್ಲಿ, ಲೂಯಿವಿಲ್ ಸಮೀಪದ ಹ್ಯಾರಡ್ಸ್ ಕ್ರೀಕ್‌ನಲ್ಲಿ. 1893ರಲ್ಲಿ, ಎಂದರೆ ತಮ್ಮ ಮೂವತ್ತಮೂರನೆಯ ವಯಸ್ಸಿನಲ್ಲಿ, ಮನೆಯ ಹಿಂಬದಿಯಲ್ಲಿ ಪುಟ್ಟ ಅಡುಗೆಮನೆಯೊಂದನ್ನು ಕಟ್ಟಿಸಿಕೊಂಡು ಔತಣಗಳಿಗೆ ತಿನಿಸು ಮಾಡಿಕೊಡುವ ಉದ್ಯೋಗ ಹಿಡಿದರು. ಈ ಇಸವಿಯನ್ನು ಸ್ವಲ್ಪ ಗಮನಿಸಿ. ಇಡೀ ಅಮೆರಿಕದ ಹೆಂಗಸರಿಗೆ ಸಂವಿಧಾನದ ಮೂಲಕ ಮತದಾನದ ಹಕ್ಕು ದೊರೆತದ್ದು 1920ರಲ್ಲಿ. ಅದಕ್ಕೆ ಇಪ್ಪತ್ತೇಳು ವರ್ಷ ಮೊದಲು ಒಬ್ಬ ಹೆಂಗಸು ಸ್ವಂತ ವ್ಯಾಪಾರ ಆರಂಭಿಸಿದ್ದರು. ಅಡುಗೆ ಹೆಂಗಸಿನ ಕೆಲಸವೆಂದು ಆಗಿನ ಸಮಾಜ ಹೇಳುತ್ತಿತ್ತಲ್ಲ, ಬೆನೆಡಿಕ್ಟ್ ಅವರು ಆ ಮಾತನ್ನೇ ಹಿಡಿದು ಅಡುಗೆಮನೆಯ ಬಾಗಿಲಿನಿಂದ ಪೇಟೆಗೆ ಬಂದರು ಎನ್ನಬಹುದು.

ಅವರು ಬಾಸ್ಟನ್‌ನ ಅಡುಗೆ ಶಾಲೆಗೆ ಹೋಗಿ ಫ್ಯಾನಿ ಫಾರ್ಮರ್ ಅವರ ಬಳಿ ಕಲಿತು ಬಂದದ್ದು ಸಣ್ಣ ಸಂಗತಿಯಲ್ಲ. ಈ ಫ್ಯಾನಿ ಫಾರ್ಮರ್ ಯಾರೆಂದರೆ, 1896ರಲ್ಲಿ ಪ್ರಕಟಿಸಿದ ತಮ್ಮ ಅಡುಗೆ ಪುಸ್ತಕದಲ್ಲಿ ಅಳತೆಗೆ ಶಿಸ್ತು ತಂದವರು. ಅಲ್ಲಿಯವರೆಗೆ ಅಡುಗೆ ಪುಸ್ತಕಗಳಲ್ಲಿ ‘ಒಂದು ಹಿಡಿ’, ‘ನಿಂಬೆಹಣ್ಣಿನ ಗಾತ್ರದಷ್ಟು ಬೆಣ್ಣೆ’ ಎಂಬ ಮಾತುಗಳೇ ಹೆಚ್ಚು. ಫಾರ್ಮರ್ ಅವರು ಚಮಚದ ಮೇಲ್ಭಾಗವನ್ನು ಚಾಕುವಿನಿಂದ ಸಮ ಮಾಡಿ ಅಳೆಯಬೇಕೆಂದು ಹೇಳಿಕೊಟ್ಟರು. ವಿಜ್ಞಾನದ ಪ್ರಯೋಗಾಲಯದಲ್ಲಿ ನೀವು ಮಾಡುವುದೂ ಅದನ್ನೇ. ಒಮ್ಮೆ ಬಂದ ಫಲಿತಾಂಶ ಮತ್ತೊಮ್ಮೆಯೂ ಬರಬೇಕಾದರೆ ಅಳತೆ ಒಂದೇ ಆಗಿರಬೇಕು. ನೂರು ಜನರ ಔತಣಕ್ಕೆ ತಿನಿಸು ಕಳುಹಿಸುವವರಿಗೆ ಈ ಪಾಠ ಎಷ್ಟು ಬೆಲೆಬಾಳುತ್ತದೆಂದು ಊಹಿಸಿಕೊಳ್ಳಿ.

1900ರ ಸುಮಾರಿಗೆ ಬೆನೆಡಿಕ್ಟ್ ಅವರು ಪೇಟೆಯ ಫೋರ್ತ್ ಸ್ಟ್ರೀಟ್ ಎಂಬ ರಸ್ತೆಯಲ್ಲಿ ಟೀ ರೂಮ್ ತೆರೆದರು. ಟೀ ರೂಮ್ ಎಂದರೆ ಬರಿಯ ಚಹಾದಂಗಡಿ ಎಂದು ತಿಳಿಯಬೇಡಿ. ಆ ಕಾಲದ ಅಮೆರಿಕದ ನಗರಗಳಲ್ಲಿ ಗಂಡಸರ ಜೊತೆಯಿಲ್ಲದೆ ಹೆಂಗಸರು ಹೋಟೆಲಿಗೆ ಹೋಗಿ ಊಟ ಮಾಡುವುದು ಮರ್ಯಾದೆಯೆನಿಸುತ್ತಿರಲಿಲ್ಲ. ಮದ್ಯ ಮಾರುವ ಕಡೆ ಕಾಲಿಡುವ ಪ್ರಶ್ನೆಯೇ ಇರಲಿಲ್ಲ. ಪೇಟೆಗೆ ಬಟ್ಟೆ ಕೊಳ್ಳಲು ಬಂದ ಗೃಹಿಣಿಗೆ, ಕಚೇರಿಗಳಲ್ಲಿ ಆಗಷ್ಟೇ ಕೆಲಸಕ್ಕೆ ಸೇರುತ್ತಿದ್ದ ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಕುಳಿತು ತಿನ್ನಲು ಒಂದು ಜಾಗ ಬೇಕಾಗಿತ್ತು. ಟೀ ರೂಮುಗಳು ಆ ಜಾಗವನ್ನು ಒದಗಿಸಿದವು. ಅಲ್ಲಿಯ ತಿನಿಸುಗಳು ಹಗುರ, ಚಿಕ್ಕವು, ಕೈಗೆ ಅಂಟದಂಥವು. ಸೌತೆಕಾಯಿಯ ಸ್ಯಾಂಡ್‌ವಿಚ್ ಅಂಥ ಮೇಜಿಗೆ ಹೇಳಿ ಮಾಡಿಸಿದ ಪದಾರ್ಥ. ಬೆನೆಡಿಕ್ಟ್ ಅವರ ವ್ಯಾಪಾರ ಬೆಳೆಯಿತು. 1911ರಲ್ಲಿ ಅದೇ ರಸ್ತೆಯ ಇನ್ನೊಂದು ಕಟ್ಟಡಕ್ಕೆ ಬಂದಿತು.

ಆದರೆ ಆ ರಸ್ತೆಯ ಎಲ್ಲ ಮೇಜುಗಳೂ ಎಲ್ಲರಿಗೂ ತೆರೆದಿರಲಿಲ್ಲ. ಇದನ್ನು ಹೇಳದೆ ಮುಂದೆ ಹೋದರೆ ನಾವು ಚರಿತ್ರೆ ಹೇಳಿದಂತಾಗುವುದಿಲ್ಲ, ಜಾಹೀರಾತು ಓದಿದಂತಾಗುತ್ತದೆ. ಲೂಯಿವಿಲ್ ಪೇಟೆಯ ಬಹುತೇಕ ಹೋಟೆಲುಗಳು ಕಪ್ಪು ಜನರನ್ನು ಕುಳ್ಳಿರಿಸಿ ಬಡಿಸುತ್ತಿರಲಿಲ್ಲ. ಬಿಳಿಯರ ಅಡುಗೆಮನೆಗಳಲ್ಲಿ ಬೇಯಿಸುವ, ತೊಳೆಯುವ, ತಟ್ಟೆ ಹೊರುವ ಕೆಲಸಕ್ಕೆ ಅವರು ಬೇಕು, ಮೇಜಿನ ಮುಂದೆ ಬೇಡ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆದ್ದು ಮುಹಮ್ಮದ್ ಅಲಿ (ಆಗಿನ ಹೆಸರು ಕ್ಯಾಸಿಯಸ್ ಕ್ಲೇ) ಊರಿಗೆ ಮರಳಿದಾಗಲೂ ಪರಿಸ್ಥಿತಿ ಹಾಗೆಯೇ ಇತ್ತು. ದೇಶಕ್ಕೆ ಚಿನ್ನ ತಂದ ಹದಿನೆಂಟು ವರ್ಷದ ಹುಡುಗನಿಗೆ ಸ್ವಂತ ಊರಿನ ಪೇಟೆಯಲ್ಲಿ ಒಂದು ಸ್ಯಾಂಡ್‌ವಿಚ್ ತಿನ್ನಲು ಕುರ್ಚಿ ಸಿಗುವುದು ಕಷ್ಟ! 1961ರಲ್ಲಿ ಆ ಪೇಟೆಯಲ್ಲಿ ಧರಣಿಗಳು ನಡೆದವು. ಅವುಗಳಲ್ಲಿ ಮುಂದೆ ನಿಂತವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನವರು, ಶಾಲಾ ಕಾಲೇಜುಗಳ ಹುಡುಗ ಹುಡುಗಿಯರು. ನೂರಾರು ಜನ ಬಂಧಿತರಾದರು. ಈಸ್ಟರ್ ಹಬ್ಬಕ್ಕೆ ಪೇಟೆಯಿಂದ ಹೊಸ ಬಟ್ಟೆ ಕೊಳ್ಳುವುದಿಲ್ಲವೆಂದು ಕಪ್ಪು ಜನರು ಬಹಿಷ್ಕಾರ ಹೂಡಿದರು. ಕೊನೆಗೆ 1963ರಲ್ಲಿ, ಸಾರ್ವಜನಿಕರಿಗಾಗಿ ನಡೆಸುವ ಹೋಟೆಲು, ಅಂಗಡಿಗಳಲ್ಲಿ ಬಣ್ಣದ ಭೇದ ಕೂಡದೆಂದು ನಗರಸಭೆ ಕಾನೂನು ಮಾಡಿತು. ಒಂದು ಮೇಜಿನ ಸುತ್ತ ಯಾರು ಕುಳಿತುಕೊಳ್ಳಬಹುದು ಎಂಬ ಪ್ರಶ್ನೆ ನಮ್ಮ ದೇಶದ ಓದುಗರಿಗೆ ಹೊಸದೇನಲ್ಲ. ಸಹಪಂಕ್ತಿ ಭೋಜನಕ್ಕಾಗಿ ಇಲ್ಲಿಯೂ ಹೋರಾಟಗಳು ನಡೆದಿವೆ.

ಇಷ್ಟು ಹೊತ್ತಿಗೆ ಬೆನೆಡಿಕ್ಟ್ ಅವರು ಬಹಳ ಹಿಂದೆಯೇ ತೀರಿಕೊಂಡಿದ್ದರು. 1925ರಲ್ಲಿ ವ್ಯಾಪಾರವನ್ನು ಮಾರಿ, ಒಹಾಯೋ ನದಿ ಕಾಣುವ ‘ಡ್ರೀಮ್ ಏಕರ್’ ಎಂಬ ಮನೆಯಲ್ಲಿ ನೆಲೆಸಿ, ಆತ್ಮಕಥೆ ಬರೆದು, 1928ರಲ್ಲಿ ನಿಧನರಾದರು. ಇಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಕುತೂಹಲ ಹುಟ್ಟಿಸುವ ಒಂದು ಸಂಗತಿ ಇದೆ. ಅವರು 1902ರಲ್ಲಿ ‘ದಿ ಬ್ಲೂ ರಿಬ್ಬನ್ ಕುಕ್ ಬುಕ್’ ಎಂಬ ಅಡುಗೆ ಪುಸ್ತಕವನ್ನೂ ಪ್ರಕಟಿಸಿದ್ದರು. ಅದು ಮತ್ತೆ ಮತ್ತೆ ಅಚ್ಚಾಯಿತು. ಅವರ ಹೆಸರನ್ನು ಉಳಿಸಿದ ಸೌತೆಕಾಯಿಯ ಲೇಪ ಮಾತ್ರ ಅದರಲ್ಲಿರಲಿಲ್ಲ! ಕೆಂಟಕಿ ವಿಶ್ವವಿದ್ಯಾನಿಲಯ ಮುದ್ರಣಾಲಯವು 2008ರಲ್ಲಿ ಆ ಪುಸ್ತಕವನ್ನು ಮರುಮುದ್ರಿಸಿದಾಗ ಈ ಪಾಕವಿಧಾನವನ್ನು ಸೇರಿಸಿತು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಗ್ರಂಥಕರ್ತೆಯ ಅತಿ ಪ್ರಸಿದ್ಧ ತಿನಿಸು ಅವರ ಗ್ರಂಥದೊಳಗೆ ಬಂದಿತು. ಅಷ್ಟು ಕಾಲ ಅದು ಬದುಕಿದ್ದು ಊರಿನ ಅಡುಗೆಮನೆಗಳಲ್ಲಿ, ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟದ್ದರಲ್ಲಿ, ಪತ್ರಿಕೆಗಳಿಂದ ಕತ್ತರಿಸಿ ಡಬ್ಬಿಯಲ್ಲಿಟ್ಟ ಚೀಟಿಗಳಲ್ಲಿ. ಪುಸ್ತಕದಲ್ಲಿ ಇಲ್ಲವೆಂದ ಮಾತ್ರಕ್ಕೆ ಅದು ನಡೆಯಲಿಲ್ಲವೆಂದು ತೀರ್ಮಾನಿಸುವವರಿಗೆ ಈ ಲೇಪವೊಂದು ಸಣ್ಣ ಎಚ್ಚರಿಕೆ.

ಇನ್ನು ಅದರೊಳಗಿನ ಸಾಮಗ್ರಿಗಳ ಕಡೆ ಬರೋಣ. ಅಲ್ಲಿಯೂ ಚರಿತ್ರೆ ತುಂಬಿದೆ. ಸೌತೆಕಾಯಿಯ ತವರು ನಮ್ಮ ಭಾರತ. ಹಿಮಾಲಯದ ತಪ್ಪಲಿನಲ್ಲಿ ಅದರ ಕಾಡು ಬಂಧು ಈಗಲೂ ಬೆಳೆಯುತ್ತದೆ. ಕಾಯಿ ಚಿಕ್ಕದು, ಬಾಯಿಗಿಡಲಾಗದಷ್ಟು ಕಹಿ. ಆ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತು. ತಿನ್ನಲು ಬಂದ ಪ್ರಾಣಿಗಳನ್ನು ದೂರವಿಡಲು ಗಿಡ ಹೂಡಿದ ಉಪಾಯ ಅದು. ನಮ್ಮ ಪೂರ್ವಿಕ ರೈತರು ಕಹಿ ಕಡಿಮೆಯಿದ್ದ ಕಾಯಿಗಳ ಬೀಜವನ್ನೇ ಆರಿಸಿ ಆರಿಸಿ ಬಿತ್ತಿ ಇಂದಿನ ಸೌತೆಯನ್ನು ಮಾಡಿದರು. 2009ರಲ್ಲಿ ವಿಜ್ಞಾನಿಗಳು ಸೌತೆಯ ಸಂಪೂರ್ಣ ಜೀನ್ ನಕ್ಷೆಯನ್ನು ಪ್ರಕಟಿಸಿದರು. 2014ರಲ್ಲಿ ಕಹಿಯನ್ನು ನಿಯಂತ್ರಿಸುವ ಜೀನ್‌ಗಳೂ ಪತ್ತೆಯಾದವು. ರೈತರು ನಾಲಿಗೆಯಿಂದ ಮಾಡಿದ ಕೆಲಸಕ್ಕೆ ಪ್ರಯೋಗಾಲಯ ವಿವರಣೆ ಕೊಟ್ಟಿತು.

ಭಾರತದಿಂದ ಹೊರಟ ಬಳ್ಳಿ ಪಶ್ಚಿಮಕ್ಕೆ ಸಾಗಿ ಯೂರೋಪು ಸೇರಿತು, ಅಲ್ಲಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು. ಇಂಗ್ಲೆಂಡಿನ ಚಳಿಯಲ್ಲಿ ಅದನ್ನು ಗಾಜಿನ ಮನೆಯೊಳಗೆ ಕಲ್ಲಿದ್ದಲು ಉರಿಸಿ ಬೆಳೆಸಬೇಕಾಗಿತ್ತು. ಆದ್ದರಿಂದಲೇ ಅಲ್ಲಿ ಸೌತೆಕಾಯಿಯ ಸ್ಯಾಂಡ್‌ವಿಚ್ ಎಂದರೆ ಶ್ರೀಮಂತಿಕೆಯ ಗುರುತು. 1895ರಲ್ಲಿ ರಂಗಕ್ಕೆ ಬಂದ ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕದಲ್ಲಿ ತನ್ನ ತಾಯಿಯ ಸಹೋದರಿಗೆಂದು ಮಾಡಿಟ್ಟ ಸೌತೆಕಾಯಿ ಸ್ಯಾಂಡ್‌ವಿಚ್‌ಗಳನ್ನು ನಾಯಕನೊಬ್ಬ ಮಾತಾಡುತ್ತಲೇ ಮುಗಿಸಿಬಿಡುತ್ತಾನೆ. ಇಂಗ್ಲಿಷ್ ಸಾಹಿತ್ಯ ಓದುವವರು ಆ ದೃಶ್ಯವನ್ನು ನೆನಪಿಸಿಕೊಳ್ಳಿ. ನಮ್ಮ ತೋಟದ ಬೇಲಿಯ ಮೇಲೆ ಹಬ್ಬುವ ಬಳ್ಳಿ ಅಲ್ಲಿ ಹೋಗಿ ದೊರೆತನ ಪಡೆದದ್ದು ವಿನೋದವೇ ಸರಿ. (ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಬೇರೆ, ಇಲ್ಲಿ ಹೇಳುತ್ತಿರುವುದು ಹಸಿಯಾಗಿ ತಿನ್ನುವ ಸೌತೆಯನ್ನು.)

ಇಂಗ್ಲಿಷರು ಬೆಣ್ಣೆ ಸವರಿ ಸೌತೆಯ ಬಿಲ್ಲೆಗಳನ್ನು ಇಟ್ಟರು. ಅಮೆರಿಕನ್ನರಿಗೆ ಇನ್ನೊಂದು ಅನುಕೂಲ ದೊರೆತಿತ್ತು, ಅದೇ ಕ್ರೀಮ್ ಚೀಸ್. 1870ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬ ಊರಿನಲ್ಲಿ ವಿಲಿಯಂ ಲಾರೆನ್ಸ್ ಎಂಬ ಹಾಲಿನ ವ್ಯಾಪಾರಿ ಹಾಲಿಗೆ ಕೆನೆ ಸೇರಿಸಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ. 1880ರಲ್ಲಿ ಅದಕ್ಕೆ ‘ಫಿಲಡೆಲ್ಫಿಯಾ’ ಎಂಬ ಹೆಸರು ಬಂತು. ತಯಾರಾಗುತ್ತಿದ್ದುದು ನ್ಯೂಯಾರ್ಕಿನಲ್ಲಿ, ಹೆಸರು ಫಿಲಡೆಲ್ಫಿಯಾದ್ದು. ಒಳ್ಳೆಯ ಹಾಲಿನ ಪದಾರ್ಥಕ್ಕೆ ಆ ಊರು ಹೆಸರಾಗಿತ್ತು, ಅಷ್ಟೇ ಕಾರಣ.

ಈಗ ನಿಜವಾದ ತೊಡಕಿಗೆ ಬರೋಣ. ಸೌತೆಕಾಯಿಯಲ್ಲಿ ನೂರಕ್ಕೆ 95ರಷ್ಟು ನೀರು. ಕ್ರೀಮ್ ಚೀಸ್‌ನಲ್ಲಿ ಮೂರರಲ್ಲೊಂದು ಪಾಲು ಕೊಬ್ಬು. ಸೌತೆಯನ್ನು ಹೆಚ್ಚಿ ಹಾಗೆಯೇ ಕಲಸಿ ಉಪ್ಪು ಹಾಕಿದರೆ ಏನಾಗುತ್ತದೆ? ಹೊರಗಿನ ಉಪ್ಪು ಜೀವಕೋಶಗಳೊಳಗಿನ ನೀರನ್ನು ಎಳೆಯುತ್ತದೆ. ಇದೇ ಆಸ್ಮೋಸಿಸ್. ಅರ್ಧ ಗಂಟೆಯಲ್ಲಿ ಲೇಪ ನೀರಾಗಿ ಬ್ರೆಡ್ಡು ಮೆತ್ತಗಾಗುತ್ತದೆ. ನಿಮ್ಮ ತಾಯಿ ಮೊಸರು ಪಚಡಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕುವುದೂ ಇದೇ ಕಾರಣಕ್ಕೆ. ಬೆನೆಡಿಕ್ಟೀನ್ ಈ ತೊಡಕನ್ನು ತಿರುವಿ ಹಾಕಿತು. ಕಾಯಿಯನ್ನು ತುರಿದು, ಬಟ್ಟೆಯಲ್ಲಿ ಹಿಂಡಿ, ತಿರುಳನ್ನು ಬಿಟ್ಟು ರಸವನ್ನಷ್ಟೇ ತೆಗೆದುಕೊಳ್ಳುವುದು. ಅದನ್ನೂ ಅಳತೆ ಮಾಡಿ ಹಾಕುವುದು. ಮರುಮುದ್ರಣವಾದ ಪಾಕದ ಪ್ರಕಾರ 8 ಔನ್ಸ್, ಎಂದರೆ ಸುಮಾರು 225 ಗ್ರಾಂ ಕ್ರೀಮ್ ಚೀಸ್‌ಗೆ ಸೌತೆಯ ರಸ 3 ದೊಡ್ಡ ಚಮಚ, ಈರುಳ್ಳಿಯ ರಸ 1 ದೊಡ್ಡ ಚಮಚ, ಉಪ್ಪು 1 ಟೀ ಚಮಚ. ಇಷ್ಟು ನೀರನ್ನು ಚೀಸ್ ತನ್ನೊಳಗೆ ಹಿಡಿದಿಟ್ಟುಕೊಳ್ಳಬಲ್ಲದು. ಫಾರ್ಮರ್ ಅವರ ಸಮಚಮಚದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ.

ರಸ ಅಷ್ಟು ಕಡಿಮೆಯಾದರೆ ಪರಿಮಳ ಎಲ್ಲಿಂದ? ಇಡೀ ಸೌತೆಕಾಯಿಯನ್ನು ಮೂಸಿ ನೋಡಿ, ವಾಸನೆ ಅಷ್ಟಕ್ಕಷ್ಟೆ. ಕತ್ತರಿಸಿದ ಕೂಡಲೇ ತಂಪಾದ ಆ ಪರಿಮಳ ಏಳುತ್ತದೆ. ಜೀವಕೋಶಗಳು ಒಡೆದಾಗ ಕಿಣ್ವಗಳು ಅಲ್ಲಿಯ ಕೊಬ್ಬಿನಾಮ್ಲದ ಮೇಲೆ ಕೆಲಸ ಮಾಡಿ ಸುವಾಸನೆಯ ಹೊಸ ವಸ್ತುಗಳನ್ನು ಆ ಕ್ಷಣದಲ್ಲಿ ಹುಟ್ಟಿಸುತ್ತವೆ. ತುರಿದಷ್ಟೂ ಕೋಶಗಳು ಹೆಚ್ಚು ಒಡೆಯುತ್ತವೆ. ಈ ವಸ್ತುಗಳು ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದರಿಂದ ಚೀಸ್ ಅವನ್ನು ಹಿಡಿದುಕೊಳ್ಳುತ್ತದೆ.

ಆದರೆ ಬಣ್ಣ? ಸಿಪ್ಪೆ ತೆಗೆದ ಸೌತೆಯ ರಸ ಹೆಚ್ಚುಕಡಿಮೆ ನೀರಿನಂತೆಯೇ ಇರುತ್ತದೆ. ಹಾಗಾಗಿ ಪಾಕದಲ್ಲಿ ಎರಡು ಹನಿ ಹಸಿರು ಬಣ್ಣವೂ ಉಂಟು. ಲೂಯಿವಿಲ್‌ನಲ್ಲಿ ಇದರ ಬಗ್ಗೆ ಎರಡು ಪಕ್ಷಗಳಿವೆ. ಹಸಿರಿಲ್ಲದಿದ್ದರೆ ಬೆನೆಡಿಕ್ಟೀನೇ ಅಲ್ಲ ಎನ್ನುವವರು ಕೆಲವರು. ಬಣ್ಣ ಬೇಡ, ರಸದ ಬದಲು ಸಣ್ಣಗೆ ಹೆಚ್ಚಿದ ಸೌತೆಯೇ ಇರಲಿ ಎನ್ನುವವರು ಇನ್ನು ಕೆಲವರು. ಕ್ಯಾಮೆರಾದ ಹಿಂದೆ ಕೆಲಸ ಮಾಡುವ ನನಗೆ ಮೊದಲಿನವರ ಮೇಲೆ ಸ್ವಲ್ಪ ಮಮತೆ. ಬಿಳಿ ತಟ್ಟೆಯಲ್ಲಿ ಬಿಳಿ ಬ್ರೆಡ್ಡು, ಅದರೊಳಗೆ ಬಿಳಿ ಲೇಪವಿಟ್ಟು ದೀಪ ಹಾಕಿದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಟೀ ರೂಮಿನ ಒಡತಿಗೂ ಅಂಥದೇ ಚಿಂತೆ ಇದ್ದಿರಬೇಕು. ಆದರೆ ತಿನ್ನುವ ಮಾತಿಗೆ ಬಂದರೆ ನನ್ನ ಮತ ಎರಡನೆಯವರಿಗೆ.

ಇಂದು ಕರ್ನಾಟಕದ ಹೊಲಗಳಿಂದ ಮಿಡಿಸೌತೆ ಉಪ್ಪುನೀರಿನ ಪೀಪಾಯಿಗಳಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗುತ್ತದೆ. 1990ರ ದಶಕದಲ್ಲಿ ಬೆಳೆದ ವ್ಯಾಪಾರ ಅದು. ಉಪ್ಪಿನಕಾಯಿಯಾಗುವ ಆ ಮಿಡಿಗಳು ನಮ್ಮ ಲೇಪಕ್ಕೆ ಬಾರವು, ಎಳೆಯ ಹಸಿ ಸೌತೆಯೇ ಬೇಕು. ಮನೆಯಲ್ಲಿ ಪ್ರಯತ್ನಿಸುವವರಿಗೆ ಕ್ರೀಮ್ ಚೀಸ್ ದುಬಾರಿಯೆನಿಸಿದರೆ ಕೆನೆಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿ. ಉತ್ತರ ಕರ್ನಾಟಕದಲ್ಲಿ ಶ್ರೀಖಂಡಕ್ಕೆ ಮಾಡುವ ಚಕ್ಕಾ ಅದೇ. ಅದಕ್ಕೆ ಕೊಬ್ಬು ಕಡಿಮೆ, ಹುಳಿ ಹೆಚ್ಚು. ಆದ್ದರಿಂದ ರಸವನ್ನು ಮೂರು ಚಮಚದ ಬದಲು ಎರಡಕ್ಕೆ ಇಳಿಸಿ, ಈರುಳ್ಳಿಯ ರಸವನ್ನು ಅರ್ಧ ಮಾಡಿ. ಕಲಸಿದ ಮೇಲೆ ಒಂದು ಗಂಟೆ ತಂಪಾಗಿಟ್ಟು, ತಿನ್ನುವ ಹೊತ್ತಿಗೆ ಬ್ರೆಡ್ಡಿಗೆ ಸವರಿ. ತುರಿಯುವ ಮೊದಲು ಸೌತೆಯ ತೊಟ್ಟಿನ ಕಡೆಯ ತುದಿಯನ್ನು ಕತ್ತರಿಸಿ ನಾಲಿಗೆಗೆ ತಾಗಿಸಿ ನೋಡಿ. ಕಾಡಿನ ಹಳೆಯ ಕಹಿ ಉಳಿದಿದ್ದರೆ ಅಲ್ಲಿಯೇ ಹೆಚ್ಚು. ತೀರ ಕಹಿಯಿದ್ದರೆ ಆ ಕಾಯಿಯನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಿ.