ಎಲ್ಮಾರ್-ಸಿ 90: ಒಂದು ಅಪವಾದದ ಪರಿಶೀಲನೆ

1973ರಲ್ಲಿ ಲೈಕಾ ಸಿಎಲ್ ಕ್ಯಾಮೆರಾದೊಂದಿಗೆ ಬಂದ ಎಲ್ಮಾರ್-ಸಿ 90 ಮಿ.ಮೀ. ಎಫ್/4 ಲೆನ್ಸಿನ ಮೇಲೆ ಒಂದು ಅಪವಾದವಿದೆ. ಲೈಕಾ ಎಂ ಕ್ಯಾಮೆರಾಗಳ ಮೇಲೆ ಇದರ ಫೋಕಸ್ ನಿಖರವಾಗಿ ಕೂರುವುದಿಲ್ಲ ಎಂಬ ಮಾತು ಸಂಗ್ರಾಹಕರ ವಲಯದಲ್ಲಿ ಒಬ್ಬರಿಂದ ಒಬ್ಬರಿಗೆ ಸಾಗಿಬಂದು ಸಿದ್ಧಾಂತದ ಸ್ಥಾನ ಪಡೆದಿದೆ. ಇದರ ಮೂಲ ಲೈಕಾ ತಯಾರಕರಾದ ಲೈಟ್ಸ್ ಕಂಪನಿಯೇ ಕೊಟ್ಟ ಎಚ್ಚರಿಕೆ. ಸಿಎಲ್‌ಗೆಂದು ಮಾಡಿದ ಸಿ ಲೆನ್ಸುಗಳ ಕ್ಯಾಮ್ ಬೇರೆ ಬಗೆಯದಾದ್ದರಿಂದ ಅವನ್ನು ಎಂ ಕ್ಯಾಮೆರಾಗಳಿಗೆ ಬಳಸಲು ಕಂಪನಿ ಶಿಫಾರಸು ಮಾಡಲಿಲ್ಲ. ತಯಾರಕರು ಶಿಫಾರಸು ಮಾಡದಿರುವುದು ಬೇರೆ, ಫೋಕಸ್ ತಪ್ಪುತ್ತದೆ ಎಂದು ಸಿದ್ಧವಾಗುವುದು ಬೇರೆ. ಮೊದಲನೆಯದನ್ನು ಓದಿ ಎರಡನೆಯದನ್ನು ಬರೆದವರು ಲೆನ್ಸಿನ ಹಿಂಬದಿಯನ್ನು ತಿರುಗಿಸಿ ನೋಡಿದ ಲಕ್ಷಣ ಅವರ ಬರಹದಲ್ಲಿ ಕಾಣುವುದಿಲ್ಲ.

ಹಿಂಬದಿಯಲ್ಲೇ ಈ ವಿವಾದದ ಮುಖ್ಯ ಸಾಕ್ಷ್ಯ ಇರುವುದು. ಎಂ ಕ್ಯಾಮೆರಾದ ಬಾಯಿಯೊಳಗೆ, ಮೇಲ್ಭಾಗದಲ್ಲಿ, ಒಂದು ಪುಟ್ಟ ರೋಲರ್ ತೂಗುತ್ತಿರುತ್ತದೆ. ಲೆನ್ಸಿನ ಹಿಂಬದಿಯ ಉಂಗುರದ, ಅಂದರೆ ಕ್ಯಾಮ್‌ನ, ಅಂಚು ಅದನ್ನು ತಳ್ಳಿದಷ್ಟೂ ದೂರ ಅಳೆಯುವ ರೇಂಜ್‌ಫೈಂಡರಿನ ಜೋಡಿಬಿಂಬ ಸರಿಯುತ್ತದೆ. ಈ ರೋಲರಿಗೆ ಗೊತ್ತಿರುವುದು ಸುಮಾರು 51.6 ಮಿ.ಮೀ. ಲೆನ್ಸಿನ ಚಲನೆ ಮಾತ್ರ. ಒಂದು ಮೀಟರ್ ದೂರಕ್ಕೆ ಫೋಕಸ್ ಮಾಡಲು ಅಂಥ ಲೆನ್ಸ್ 2.8 ಮಿ.ಮೀ. ಮುಂದೆ ಬಂದರೆ ಸಾಕು, 90 ಮಿ.ಮೀ. ಲೆನ್ಸ್ 8.9 ಮಿ.ಮೀ. ಬರಬೇಕು. ಈ ಮೂರುಪಟ್ಟು ಚಲನೆಯನ್ನು ಒಂದುಪಟ್ಟಿಗೆ ಇಳಿಸಿ ರೋಲರಿಗೆ ತಿಳಿಸುವುದು ಕ್ಯಾಮ್‌ನ ಕೆಲಸ. ವಾಡಿಕೆಯ ಎಂ ಲೆನ್ಸಿನಲ್ಲಿ ಕ್ಯಾಮ್‌ನ ಅಂಚು ಸಮತಟ್ಟು. ರೋಲರ್ ಅದನ್ನು ಎಲ್ಲಿ ಮುಟ್ಟಿದರೂ ಸಿಗುವ ಉತ್ತರ ಒಂದೇ. ಸಿ ಲೆನ್ಸುಗಳ ಅಂಚು ಇಳಿಜಾರು. ಇಲ್ಲಿ ರೋಲರ್ ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಓದುವ ಎತ್ತರ ಬದಲಾಗುತ್ತದೆ. ಲೈಟ್ಸ್ ಎಚ್ಚರಿಕೆಗೆ ಕಾರಣವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಕೇಳಬೇಕಾದ ಪ್ರಶ್ನೆ, ಎಷ್ಟು ಬದಲಾಗುತ್ತದೆ ಎಂಬುದು. ಅದನ್ನು ಯಾರೂ ಕೇಳಿದಂತಿಲ್ಲ. ಎಫ್/4ರಲ್ಲಿ, ಮಸುಕುವೃತ್ತದ ವ್ಯಾಸ 0.03 ಮಿ.ಮೀ. ಎಂಬ ವಾಡಿಕೆಯ ಮಾನದಂಡದಂತೆ, ಫಿಲ್ಮಿನ ಹಿಂದೆಮುಂದೆ 0.12 ಮಿ.ಮೀ. ತಪ್ಪು ಕ್ಷಮ್ಯ. ಕ್ಯಾಮ್‌ನ ತಪ್ಪು ಫಿಲ್ಮಿಗೆ ತಲುಪುವಾಗ ಮೂರುಪಟ್ಟಾಗುವುದರಿಂದ, ಕ್ಯಾಮ್‌ನಲ್ಲಿ ಸುಮಾರು 0.04 ಮಿ.ಮೀ.ವರೆಗೆ ತಪ್ಪಿದರೂ ಚಿತ್ರ ಕೆಡುವುದಿಲ್ಲ. ಇಳಿಜಾರು ಹತ್ತಕ್ಕೆ ಒಂದರಂತೆ ಇದೆಯೆಂದು ವಾದಕ್ಕೆ ಇಟ್ಟುಕೊಳ್ಳೋಣ. ಆಗ ರೋಲರ್ ತನ್ನ ಜಾಗದಿಂದ 0.4 ಮಿ.ಮೀ. ಪಕ್ಕಕ್ಕೆ ಸರಿದಿದ್ದರಷ್ಟೇ ಆ ಮಿತಿ ಮುಗಿಯುತ್ತದೆ. ಇಳಿಜಾರು ಉದ್ದಕ್ಕೂ ಒಂದೇ ಸಮನಾಗಿದ್ದರೆ ಈ ತಪ್ಪೂ ಎಲ್ಲ ದೂರಗಳಲ್ಲಿ ಒಂದೇ ಪ್ರಮಾಣದಲ್ಲಿರುತ್ತದೆ. ದೂರದ ಗೋಪುರವೊಂದಕ್ಕೆ ಅನಂತ ದೂರದ ಗುರುತಿನಲ್ಲಿ ಬಿಂಬ ಕೂಡಿಸಿ ನೋಡಿದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಹತ್ತಿರದ ಮುಖಕ್ಕೆ ಫೋಕಸ್ ಮಾಡಿ, ಚಿತ್ರ ಮಸುಕಾಯಿತೆಂದು ಲೆನ್ಸನ್ನು ದೂರುವ ಪರೀಕ್ಷೆಯಿಂದ ಏನೂ ಸಿದ್ಧವಾಗುವುದಿಲ್ಲ. (ಇದೇ ಬಗೆಯ ಕ್ಯಾಮ್ ಇರುವ ಸುಮ್ಮಿಕ್ರಾನ್-ಸಿ 40 ಮಿ.ಮೀ. ಎಫ್/2 ಲೆನ್ಸನ್ನು ಎಂ ಕ್ಯಾಮೆರಾಗಳ ಮೇಲೆ ಎಷ್ಟೋ ಮಂದಿ ನಿಶ್ಚಿಂತೆಯಿಂದ ಬಳಸುತ್ತಾರೆ. ಅದರಲ್ಲಿ ಕ್ಯಾಮ್‌ನ ಕ್ಷಮ್ಯ ಮಿತಿ 0.1 ಮಿ.ಮೀ.ವರೆಗೂ ಹೋಗುತ್ತದೆ ಎಂಬುದು ನಿಜ. ಆದರೆ ತಪ್ಪು ಕ್ಯಾಮ್‌ನ ಜಾತಿಯಲ್ಲೇ ಇದೆ ಎನ್ನುವವರು ಒಂದಕ್ಕೆ ಶಿಕ್ಷೆ, ಇನ್ನೊಂದಕ್ಕೆ ಬಿಡುಗಡೆ ಎಂದು ತೀರ್ಪು ಕೊಡುವಂತಿಲ್ಲ.)

ಇನ್ನು ಅಳೆಯುವ ಯಂತ್ರದ ವಿಚಾರ. ಈ ಚರ್ಚೆಯಲ್ಲಿ ಅತ್ಯಂತ ಅನ್ಯಾಯಕ್ಕೊಳಗಾದ ಸಾಕ್ಷ್ಯ ಇದು. ರೇಂಜ್‌ಫೈಂಡರಿನ ಎರಡು ಕಿಂಡಿಗಳ ನಡುವಿನ ಅಂತರವನ್ನು ವ್ಯೂಫೈಂಡರಿನ ವರ್ಧನೆಯಿಂದ ಗುಣಿಸಿದರೆ ಅದರ ಪರಿಣಾಮಕಾರಿ ಬೇಸ್ ಸಿಗುತ್ತದೆ. ಸಿಎಲ್‌ನಲ್ಲಿ ಅಂತರ 31.5 ಮಿ.ಮೀ., ವರ್ಧನೆ 0.60, ಗುಣಿಸಿದರೆ 18.9 ಮಿ.ಮೀ. ಎಂ5ರಲ್ಲಿ ಅದು ಸುಮಾರು 49, ಎಂ3ರಲ್ಲಿ ಸುಮಾರು 62. ಒಂದು ಲೆನ್ಸಿಗೆ ಎಷ್ಟು ಬೇಸ್ ಬೇಕು ಎನ್ನುವುದಕ್ಕೆ ಹಳೆಯ ಸೂತ್ರವಿದೆ: ಕಣ್ಣು ಗುರುತಿಸಬಲ್ಲ ಕನಿಷ್ಠ ಕೋನವನ್ನು ಫೋಕಲ್ ಲೆಂಗ್ತಿನ ವರ್ಗದಿಂದ ಗುಣಿಸಿ, ಬಂದದ್ದನ್ನು ಎಫ್ ಸಂಖ್ಯೆ ಮತ್ತು ಮಸುಕುವೃತ್ತದ ವ್ಯಾಸಗಳ ಗುಣಲಬ್ಧದಿಂದ ಭಾಗಿಸಬೇಕು. ಕೋನವನ್ನು 0.0003 ರೇಡಿಯನ್ ಎಂದು ಹಿಡಿದರೆ 90 ಮಿ.ಮೀ. ಎಫ್/4ಕ್ಕೆ ಬೇಕಾದದ್ದು 20.25 ಮಿ.ಮೀ.

ಸಿಎಲ್‌ನಲ್ಲಿ ಇರುವುದು 18.9, ಬೇಕಾದದ್ದು 20.25. ಯಾವ ಕ್ಯಾಮೆರಾಕ್ಕೆಂದೇ ಈ ಲೆನ್ಸನ್ನು ಮಾಡಿದರೋ ಆ ಕ್ಯಾಮೆರಾದ ಮೇಲೆಯೇ ಇದು ಅಂಚಿನಲ್ಲಿ ನಿಂತಿದೆ! ಎಫ್/2.8 ಆಗಿದ್ದರೆ ಸುಮಾರು 29 ಮಿ.ಮೀ. ಬೇಕಾಗುತ್ತಿತ್ತು, ಸಿಎಲ್‌ಗೆ ಅದು ನಿಲುಕದ ಮಾತು. ಎಲ್ಮಾರ್-ಸಿ ಎಫ್/4ರಲ್ಲೇ ನಿಂತದ್ದನ್ನು ಅಗ್ಗದ ಕ್ಯಾಮೆರಾಕ್ಕೆ ಅಗ್ಗದ ಲೆನ್ಸು ಎಂದು ವ್ಯಾಖ್ಯಾನಿಸುವವರಿದ್ದಾರೆ. ನಾಲ್ಕು ಗಾಜುಗಳಲ್ಲಿ ಮುಗಿಸಿದ ಈ ಅಚ್ಚುಕಟ್ಟಾದ ರಚನೆಯ ಹಿಂದೆ ಈ ಲೆಕ್ಕ ಇತ್ತೆಂದೇ ನನ್ನ ಅಭಿಪ್ರಾಯ.

ಕಣ್ಣಿನ ಕೋನದ ಸಂಖ್ಯೆಯನ್ನು ಪ್ರಶ್ನಿಸಬಹುದು. 0.0003 ರೇಡಿಯನ್ ಎಂದರೆ ಒಂದು ಕೋನನಿಮಿಷದಷ್ಟು. ಎರಡು ಗೆರೆಗಳನ್ನು ಸೇರಿಸಿ ನೋಡುವಾಗ ಕಣ್ಣು ಒಳ್ಳೆಯ ಬೆಳಕಿನಲ್ಲಿ ಇದಕ್ಕಿಂತ ಎಷ್ಟೋ ಸೂಕ್ಷ್ಮ. ಹಾಗೆ ಹಿಡಿದರೆ ಸಿಎಲ್ ಆರಾಮಾಗಿ ತೇರ್ಗಡೆಯಾಗುತ್ತದೆ. ಒಪ್ಪಿದೆ. ಆದರೆ ಅದೇ ಕಣ್ಣು ಎಂ3ರ ಹಿಂದೆಯೂ ಇರುತ್ತದಲ್ಲ? ಕೋನ ಯಾವುದೇ ಇರಲಿ, ಸಿಎಲ್‌ಗಿಂತ ಎಂ5 ಎರಡೂವರೆ ಪಟ್ಟಿಗೂ ಮಿಗಿಲು, ಎಂ3 ಮೂರು ಪಟ್ಟಿಗೂ ಮಿಗಿಲು. ಕ್ಯಾಮ್‌ನಿಂದ ಒಂದಿಷ್ಟು ತಪ್ಪು ನುಸುಳಿದರೂ ಬಿಂಬ ಕೂಡಿಸುವಾಗ ಕಣ್ಣು ಮಾಡುವ ತಪ್ಪು ಎಂ ಕ್ಯಾಮೆರಾದಲ್ಲಿ ಅಷ್ಟು ಕಡಿಮೆಯಾಗುತ್ತದೆ. ಎರಡನ್ನೂ ಕೂಡಿಸಿ ನೋಡದೆ ಕೊಟ್ಟ ತೀರ್ಪು ಅರ್ಧ ಲೆಕ್ಕದ ತೀರ್ಪು.

ಪ್ರತಿಪಕ್ಷದವರ ಕೈಯಲ್ಲಿ ಇನ್ನೊಂದು ಸಾಕ್ಷ್ಯವಿದೆ. 1980ರ ದಶಕದ ಆರಂಭದಲ್ಲಿ, ಸಿಎಲ್ ತಯಾರಿಕೆಯಲ್ಲಿ ಲೈಟ್ಸ್‌ನ ಜೊತೆಗಾರನಾಗಿದ್ದ ಜಪಾನಿನ ಮಿನೋಲ್ಟಾ ತನ್ನ ಸಿಎಲ್ಇ ಕ್ಯಾಮೆರಾದೊಂದಿಗೆ ಮಾರಿದ ಎಂ-ರೊಕ್ಕೋರ್ 90 ಮಿ.ಮೀ. ಎಫ್/4ರಲ್ಲಿ ಇಳಿಜಾರಿಲ್ಲ, ವಾಡಿಕೆಯ ಸಮತಟ್ಟು ಕ್ಯಾಮ್ ಇದೆ. ತಪ್ಪಿತ್ತು, ಆದ್ದರಿಂದ ತಿದ್ದಿದರು ಎನ್ನುತ್ತಾರೆ. ಸಿಎಲ್ಇಯ ಅಂತರ 49.6 ಮಿ.ಮೀ., ವರ್ಧನೆ 0.58, ಪರಿಣಾಮಕಾರಿ ಬೇಸ್ ಸುಮಾರು 29 ಎಂಬುದನ್ನು ಇವರು ಗಮನಿಸಿಲ್ಲ. ಅಳತೆಗೋಲೇ ಸೂಕ್ಷ್ಮವಾದಾಗ ಕ್ಯಾಮ್ ಬದಲಾಗುವುದು ಸಹಜ. ಅಲ್ಲದೆ ಸಿಎಲ್ ಅಷ್ಟರಲ್ಲಿ ನಿಂತುಹೋಗಿತ್ತು. ಅದಕ್ಕೆಂದೇ ರೂಪಿಸಿದ ಏರ್ಪಾಟನ್ನು ಮುಂದುವರಿಸುವ ಅಗತ್ಯ ಮಿನೋಲ್ಟಾಗೆ ಇರಲಿಲ್ಲ. ಬದಲಾವಣೆಯೊಂದನ್ನು ತಪ್ಪೊಪ್ಪಿಗೆಯೆಂದು ಓದುವುದು ಇತಿಹಾಸಕಾರನಿಗೆ ಒಪ್ಪುವ ಕ್ರಮವಲ್ಲ.

ಇಲ್ಲಿ ಇನ್ನೂ ದೊಡ್ಡ ಗೊಂದಲವೊಂದು ಸೇರಿಕೊಂಡಿದೆ. ಎಂ-ರೊಕ್ಕೋರ್ 90 ಎಂಬ ಒಂದೇ ಹೆಸರಿನಲ್ಲಿ ಎರಡು ಲೆನ್ಸುಗಳಿವೆ. ಸಿಎಲ್ ಕಾಲದಲ್ಲಿ ಮಿನೋಲ್ಟಾ ಹೆಸರಿನಲ್ಲಿ ಬಂದದ್ದನ್ನು ಮಾಡಿದ್ದು ಜರ್ಮನಿಯಲ್ಲಿ, ಲೈಟ್ಸ್. ಅದು ಹೆಸರು ಬದಲಿಸಿಕೊಂಡ ಎಲ್ಮಾರ್-ಸಿಯೇ, ಕ್ಯಾಮ್ ಇಳಿಜಾರಿನದೇ. ಸಿಎಲ್ಇ ಕಾಲದ್ದು ಜಪಾನಿನದು. ಜಪಾನಿನ ಲೆನ್ಸು ಎಂ ಕ್ಯಾಮೆರಾಗಳ ಮೇಲೆ ಸರಿ, ಜರ್ಮನಿಯದು ತಪ್ಪು ಎಂಬ ಹೋಲಿಕೆ ಮಾಡುವವರು ಕೈಯಲ್ಲಿರುವ ರೊಕ್ಕೋರ್ ಎಲ್ಲಿ ತಯಾರಾದದ್ದು ಎಂದು ಹೇಳದಿದ್ದರೆ ಆ ಹೋಲಿಕೆಗೆ ಬೆಲೆಯಿಲ್ಲ. ಇನ್ನು ಮುಂದೆ ಪಟ್ಟಿ ಮಾಡುವವರು ಇವೆರಡನ್ನೂ ಬೇರೆ ಬೇರೆ ನಮೂದುಗಳಾಗಿ ಕೊಡಬೇಕು. ತಯಾರಾದ ದೇಶ, ಕ್ಯಾಮ್‌ನ ಅಂಚು ಇವೆರಡೂ ಆ ನಮೂದಿನಲ್ಲಿ ಇರಬೇಕು. ಎಂ ಕ್ಯಾಮೆರಾದ ಮೇಲೆ ಪರೀಕ್ಷಿಸಿದ್ದೇವೆ ಎನ್ನುವವರು ಅನಂತ ದೂರದಲ್ಲಿ ಬಿಂಬ ಕೂಡಿತೇ ಇಲ್ಲವೇ ಎಂಬುದನ್ನು ಮೊದಲು ದಾಖಲಿಸಲಿ.