ಮೇಲುಕೋಟೆ

ಮೇಲುಕೋಟೆಯು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿ ಬಂಡೆಗಲ್ಲಿನ ಬೆಟ್ಟಗಳ ಮೇಲಿರುವ ಪುರಾತನ ಊರು. ಯಾದವಗಿರಿ, ತಿರುನಾರಾಯಣಪುರ ಎಂಬ ಹೆಸರುಗಳೂ ಇದಕ್ಕಿವೆ. ಮೈಸೂರಿನಿಂದ ಸುಮಾರು 50 ಕಿ.ಮೀ., ಬೆಂಗಳೂರಿನಿಂದ ಸುಮಾರು 140 ಕಿ.ಮೀ. ದೂರದಲ್ಲಿದೆ. ಜಯನಗರ, ಬನಶಂಕರಿ ಕಡೆಯವರು ಮೈಸೂರು ರಸ್ತೆ ಹಿಡಿದು ಮಂಡ್ಯ ಅಥವಾ ಪಾಂಡವಪುರದ ಮಾರ್ಗವಾಗಿ ಹೋಗಿ ಒಂದೇ ದಿನದಲ್ಲಿ ಹಿಂದಿರುಗಬಹುದು. ಆದರೆ ಊರಿನ ಮೌನವನ್ನು ಅರಿಯಲು ಒಂದು ರಾತ್ರಿಯಾದರೂ ತಂಗುವುದು ಲೇಸು.

ಇತಿಹಾಸ

12ನೆಯ ಶತಮಾನದಲ್ಲಿ ಶ್ರೀವೈಷ್ಣವ ಆಚಾರ್ಯರಾದ ರಾಮಾನುಜರು ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ ಇಲ್ಲಿಗೆ ಬಂದು ಹನ್ನೆರಡು ವರ್ಷ ನೆಲೆಸಿದ್ದರೆಂದು ಸಂಪ್ರದಾಯ ಹೇಳುತ್ತದೆ. ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ಅವರು ದೆಹಲಿಯಿಂದ ತಂದರೆಂದೂ, ಮೂರ್ತಿಯನ್ನು ಅಗಲಲಾರದ ಸುಲ್ತಾನನ ಮಗಳು ಅದರ ಹಿಂದೆಯೇ ಬಂದು ಇಲ್ಲಿ ಐಕ್ಯಳಾದಳೆಂದೂ ಐತಿಹ್ಯವಿದೆ. ಆಕೆ ಬೀಬಿ ನಾಚಿಯಾರ್ ಎಂಬ ಹೆಸರಿನಿಂದ ಪೂಜೆಗೊಳ್ಳುತ್ತಾಳೆ. ದೆಹಲಿಯ ಸುಲ್ತಾನರ ಆಳ್ವಿಕೆ 1206ರ ನಂತರದ್ದಾದುದರಿಂದ ಕಾಲಗಣನೆ ಹೊಂದುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಚರಿತ್ರೆಯೆಂದಲ್ಲ, ಭಕ್ತಿಯ ಕಥೆಯೆಂದು ಓದಬೇಕು. ಹಾಗೆಂದು ಅದರ ಬೆಲೆ ಕಡಿಮೆಯಲ್ಲ: ಅನ್ಯಮತದ ಹೆಣ್ಣೊಬ್ಬಳಿಗೆ ಗುಡಿಯೊಳಗೆ ಸ್ಥಾನ ಕೊಟ್ಟ ಊರಿದು. ಮೂರ್ತಿಯನ್ನು ತರಲು ನೆರವಾದ ಅಂದಿನ ಅಸ್ಪೃಶ್ಯ ಜನರನ್ನು ರಾಮಾನುಜರು ‘ತಿರುಕುಲದವರು’ ಎಂದು ಕರೆದು ವರ್ಷದ ನಿಯತ ದಿನಗಳಲ್ಲಿ ದೇವಾಲಯ ಪ್ರವೇಶ ಕಲ್ಪಿಸಿದರೆಂದೂ ಹೇಳುತ್ತಾರೆ. ಎಲ್ಲ ದಿನಗಳೂ ಅವರಿಗೆ ತೆರೆಯಲು ಮಾತ್ರ ಶತಮಾನಗಳೇ ಹಿಡಿದವು.

ಮೈಸೂರಿನ ಒಡೆಯರು ಈ ಕ್ಷೇತ್ರದ ಪರಮ ಭಕ್ತರು. ರಾಜ ಒಡೆಯರು ರಾಜಮುಡಿ ಕಿರೀಟವನ್ನೂ, ಮುಮ್ಮಡಿ ಕೃಷ್ಣರಾಜ ಒಡೆಯರು ಕೃಷ್ಣರಾಜಮುಡಿಯನ್ನೂ ಅರ್ಪಿಸಿದರು.

ನೋಡತಕ್ಕ ಸ್ಥಳಗಳು

ಊರ ನಡುವೆ ಚೆಲುವನಾರಾಯಣಸ್ವಾಮಿ ದೇವಾಲಯ, ಬೆಟ್ಟದ ತುದಿಯಲ್ಲಿ ಯೋಗಾನರಸಿಂಹ ಗುಡಿ, ಕೆಳಗೆ ಕಲ್ಲುಮಂಟಪಗಳಿಂದ ಸುತ್ತುವರಿದ ಕಲ್ಯಾಣಿ ಇವೆ. ಅಕ್ಕ-ತಂಗಿ ಕೊಳಗಳು ಜೋಡಿಯಾಗಿದ್ದು, ಒಂದರ ನೀರು ಮಾತ್ರ ಕುಡಿಯಲು ಯೋಗ್ಯವೆಂಬ ಮಾತಿದೆ. ಪೂರ್ಣಗೊಳ್ಳದ ರಾಯಗೋಪುರವನ್ನು ಒಂದೇ ರಾತ್ರಿಯಲ್ಲಿ ಕಟ್ಟಲಾಯಿತೆಂದು ಜನ ನಂಬುತ್ತಾರೆ. ಕವಿ ಪು.ತಿ. ನರಸಿಂಹಾಚಾರ್ (1905–1998) ಹುಟ್ಟಿದ್ದು ಇಲ್ಲಿಯೇ. ಅವರ ಮನೆ ಈಗ ಸ್ಮಾರಕ. ಸಂಸ್ಕೃತ ಸಂಶೋಧನಾ ಸಂಸತ್ತು ಹಳೆಯ ಹಸ್ತಪ್ರತಿಗಳನ್ನು ಕಾಪಾಡುತ್ತಿದೆ. ಪುಳಿಯೋಗರೆ ಸವಿಯದೆ ಹಿಂದಿರುಗುವವರು ವಿರಳ.

ವೈರಮುಡಿ ಉತ್ಸವ

ಮಾರ್ಚ್–ಏಪ್ರಿಲ್ ಸುಮಾರಿಗೆ ನಡೆಯುವ ಈ ಉತ್ಸವದಲ್ಲಿ ಊರಿನ ಸ್ವರೂಪವೇ ಬದಲಾಗುತ್ತದೆ. ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುವ ವಜ್ರಖಚಿತ ಕಿರೀಟವನ್ನು ಪೊಲೀಸ್ ಕಾವಲಿನಲ್ಲಿ ತಂದು ರಾತ್ರಿ ಸ್ವಾಮಿಗೆ ತೊಡಿಸುತ್ತಾರೆ. ಹಗಲಿನ ಬೆಳಕು ಅದರ ಮೇಲೆ ಬೀಳಬಾರದೆಂಬ ನಿಯಮವಿದೆ. ಲಕ್ಷಾಂತರ ಜನ ಸೇರುವುದರಿಂದ ಶಾಂತಿ ಬಯಸುವವರು ಬೇರೆ ದಿನ ಬರುವುದು ಒಳ್ಳೆಯದು. ಸುತ್ತಲಿನ ಅರಣ್ಯ ತೋಳಗಳ ನೆಲೆಯಾದ ವನ್ಯಧಾಮವಾಗಿದ್ದು, ಪ್ಲಾಸ್ಟಿಕ್ ಕಸವನ್ನು ಅಲ್ಲಿಯಾಗಲಿ ಕೊಳಗಳಲ್ಲಿಯಾಗಲಿ ಎಸೆಯಬಾರದು.