ಬರೆದವರು ಯಾರೋ, ಹೆಸರು ಯಾರದೋ

ಇಲ್ಲಿ ಬರೆದು ಎರಡು ತಿಂಗಳ ಮೇಲಾಯ್ತು. ಆಫೀಸು ಕೆಲಸ ಜಾಸ್ತಿ ಇತ್ತು ಅಂತ ಹೇಳಿದ್ರೆ ಅರ್ಧ ಸುಳ್ಳಾಗುತ್ತೆ. ನಿಜ ಏನಂದ್ರೆ, ರಾತ್ರಿ ಹೊತ್ತು ಇನ್ನೊಂದು ಕೆಲಸ ಹಿಡಿದಿದ್ದೆ. ಬೇರೆಯವರ ಪಿಎಚ್‌ಡಿ ಪ್ರಬಂಧಕ್ಕೆ ಅಧ್ಯಾಯ ಬರೆದುಕೊಡೋದು! ಪುಟಕ್ಕೆ ಇಷ್ಟು ಅಂತ ದುಡ್ಡು. ಕೋಡ್ ಬರೆಯೋನಿಗೆ ಇತಿಹಾಸ ಯಾಕೆ ಅಂತ ಕೇಳಬೇಡಿ, ಓದೋ ಹುಚ್ಚು ಮೊದಲಿಂದಲೂ ಇತ್ತು. ಸ್ನೇಹಿತನ ಮೂಲಕ ಒಬ್ಬರು ಸಿಕ್ಕರು, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕಿನ ಶಾಸನಗಳ ಮೇಲೆ ಬರೆದುಕೊಡಿ ಅಂದರು, ನಾನೂ ಹೂಂ ಅಂದೆ. ನಮ್ಮೂರ ಕಡೆಯದ್ದೇ ವಿಷಯ ಅಲ್ವಾ ಅನ್ನೋ ಖುಷಿ ಬೇರೆ.

ಆಮೇಲೆ ಊರಿಗೆ ಹೋದಾಗ ತಾತನಿಗೆ ಹೆಮ್ಮೆಯಿಂದ ಹೇಳಿಕೊಂಡೆ. ತಾತ ಎಲೆ ಅಡಿಕೆ ಹಾಕ್ಕೊಂಡು ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ್ದು: "ಅದ್ರಲ್ಲಿ ನಿನ್ ಹೆಸ್ರು ಎಲ್ಲದ್ಲಾ?"

ಹೆಸರು ಎಲ್ಲೂ ಇರಲಿಲ್ಲ. ಕೃತಜ್ಞತೆಯ ಪುಟದಲ್ಲೂ ಇರಲಿಲ್ಲ.

ಆ ಅಧ್ಯಾಯಕ್ಕೆ ಓದುವಾಗ ತಲೆಗೆ ಹತ್ತಿದ ಕತೆ ಇದು. ನಮ್ಮ ಕಡೆಯ ಶಾಸನಗಳು ಅಂದ್ರೆ ಎಲ್ಲರೂ ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕ ಹಿಡಿಯುತ್ತಾರೆ. ಶ್ರೀರಂಗಪಟ್ಟಣದ್ದು 1894ರ ಸಂಪುಟದಲ್ಲಿ, ನಾಗಮಂಗಲ, ಕೆ.ಆರ್.ಪೇಟೆಯದ್ದು 1898ರದ್ದರಲ್ಲಿ ಇವೆ. ಆದ್ರೆ ಅದಕ್ಕೂ ತೊಂಬತ್ತು ವರ್ಷ ಮುಂಚೆ ಈ ಮೈಸೂರು ಸೀಮೆಯಲ್ಲಿ ಊರೂರು ತಿರುಗಿ ಶಾಸನ ನಕಲು ಮಾಡಿಕೊಂಡು, ಶಾನುಭೋಗರ ಕಡತ ಬಿಚ್ಚಿಸಿ ಬರೆದುಕೊಂಡು, ತಿಂಗಳ ಸಂಬಳಕ್ಕೆ ಇತಿಹಾಸ ಬರೆದವರಿದ್ದರು. (ಕಡತ ಅಂದ್ರೆ ಈಗಿನ ಸರ್ಕಾರಿ ಫೈಲ್ ಅಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಮೆತ್ತಿ, ಒಣಗಿಸಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದದ್ದು. ತಪ್ಪಾದ್ರೆ ಒರೆಸಿ ಮತ್ತೆ ಬರೀಬಹುದು!)

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಮುತ್ತಿಗೆ ಹಾಕಿದ ಸೈನ್ಯದಲ್ಲಿ ಕಾಲಿನ್ ಮೆಕೆಂಜಿ ಅನ್ನೋ ಇಂಜಿನಿಯರ್ ಇದ್ದ. ಹೌದು, ಅವನೂ ಇಂಜಿನಿಯರ್ರೇ. ಟಿಪ್ಪು ಹೋದ ಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆಯೋ ಕೆಲಸ ಇವನ ಪಾಲಿಗೆ ಬಂತು. ನೆಲ ಅಳೆಯುವುದರ ಜೊತೆಗೆ ಊರುಗಳ ಚರಿತ್ರೆಯನ್ನೂ ಕೂಡಿಹಾಕಲು ಶುರುಮಾಡಿದ. ತಮಾಷೆ ಅಂದ್ರೆ ನಮ್ಮ ಭಾಷೆಗಳು ಅವನಿಗೆ ಬರುತ್ತಿರಲಿಲ್ಲ. ಹಾಗಾದ್ರೆ ಓದಿದವರು, ಕೇಳಿದವರು, ಅರ್ಥ ಮಾಡಿಕೊಂಡವರು ಯಾರು?

ಕಾವಲಿ ವೆಂಕಟ ಬೋರಯ್ಯ. ಏಲೂರಿನ ತೆಲುಗು ಹುಡುಗ. ಇಪ್ಪತ್ತರ ಆಸುಪಾಸಿನಲ್ಲೇ ಮೆಕೆಂಜಿ ಹತ್ತಿರ ಸೇರಿದ. ಊರಿಗೆ ಹೋಗಿ, ದೇವಸ್ಥಾನದವರನ್ನು, ಮಠದವರನ್ನು ನಂಬಿಸಿ ಮಾತಿಗೆಳೆಯೋದು ಸುಲಭ ಅಂದುಕೊಂಡಿರಾ? ಆಗತಾನೇ ಯುದ್ಧ ಮುಗಿದಿದೆ, ಕಂಪನಿ ಕಡೆಯವನೊಬ್ಬ ಬಂದು ನಿಮ್ಮ ಇನಾಮು ಯಾವುದು, ತಾಮ್ರಪಟ ತೋರಿಸಿ ಅಂತಾನೆ. ಕಂದಾಯ ಹಾಕೋಕೇ ಬಂದಿರಬೇಕು ಅಂತ ಜನ ಹೆದರದೆ ಇರ್ತಾರಾ! ಅದನ್ನೆಲ್ಲ ದಾಟಿ ಅವನು ಕೆಲಸ ಮಾಡಿದ. 1803ರಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತಾರು. ನನಗಿಂತ ಚಿಕ್ಕವನು.

ಮೆಕೆಂಜಿ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಆದ್ರೆ ಬರಲಿಲ್ಲ. ಯಾಕಂದ್ರೆ ಏಷ್ಯಾಟಿಕ್ ರಿಸರ್ಚಸ್‌ನ ಒಂಬತ್ತನೇ ಸಂಪುಟದಲ್ಲಿ ಜೈನರ ಬಗ್ಗೆ ಒಂದು ಲೇಖನ ಇದೆ. ಜೈನ ಗುರುವೊಬ್ಬರಿಂದ ಕೇಳಿ ತಿಳಿದದ್ದು. ಅದರ ತಲೆಬರಹದಲ್ಲೇ ಅನುವಾದಿಸಿದವನು ಬೋರಯ್ಯ ಅಂತ ಅಚ್ಚಾಗಿದೆ. 1817ರ ಒಂದು ಪತ್ರದಲ್ಲೂ, ಈ ದೇಶದ ವಿದ್ಯೆಯ ಬಾಗಿಲು ತನಗೆ ತೆರೆದದ್ದು ಬೋರಯ್ಯನಿಂದಲೇ ಅನ್ನೋ ಅರ್ಥದಲ್ಲಿ ಮೆಕೆಂಜಿ ಬರೆದಿದ್ದಾನೆ. ಇನ್ನೂರು ವರ್ಷದ ಹಿಂದಿನ ಕಂಪನಿ ಅಧಿಕಾರಿಗೆ ಇದ್ದ ಮರ್ಯಾದೆ ನನ್ನ ಗಿರಾಕಿಗೆ ಇರಲಿಲ್ಲ ನೋಡಿ. ಅಥವಾ ನನಗೇ ಇರಲಿಲ್ಲವೇನೋ. ಪ್ರಬಂಧ ಬರೆಸಿಕೊಳ್ಳೋದು ಎಷ್ಟು ತಪ್ಪೋ, ಬರೆದುಕೊಡೋದೂ ಅಷ್ಟೇ ತಪ್ಪು ಅಂತ ಗೊತ್ತಿದ್ದೂ ದುಡ್ಡು ತಗೊಂಡೆ.

ಅಣ್ಣನ ನಂತರ ತಮ್ಮ ಲಕ್ಷ್ಮಯ್ಯ ಕೆಲಸ ನಡೆಸಿದ. 1821ರಲ್ಲಿ ಮೆಕೆಂಜಿ ಸತ್ತ. ಸಂಗ್ರಹವನ್ನು ಕಂಪನಿ ಹತ್ತು ಸಾವಿರ ಪೌಂಡಿಗೆ ಕೊಂಡಿತು. ವಿಲ್ಸನ್ 1828ರಲ್ಲಿ ಮಾಡಿದ ಪಟ್ಟಿಯ ಪ್ರಕಾರ 8,076 ಶಾಸನದ ನಕಲು, 2,070 ಊರ ಕೈಫಿಯತ್ತು ಮುಂತಾದವು, 1,568 ಗ್ರಂಥಗಳು. ಇದನ್ನೆಲ್ಲ ಕೂಡಿಸಿದವರಲ್ಲಿ ಮುಖ್ಯನಾದ ಲಕ್ಷ್ಮಯ್ಯ, ಉಳಿದ ಕೆಲಸ ನಾನೇ ಮಾಡ್ತೀನಿ ಅಂತ ಕೇಳಿಕೊಂಡ. 1836ರಲ್ಲಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಸಮಿತಿ, ಅದೇ ಬ್ರಾಹ್ಮಿ ಲಿಪಿ ಓದಿದ ಪ್ರಿನ್ಸೆಪ್ ಇದ್ದದ್ದು, ಆಗಲ್ಲ ಅಂದಿತು. ಕೂಡಿಸಬಲ್ಲ, ಆದ್ರೆ ವಿಮರ್ಶೆ ಮಾಡಿ ಬರೆಯೋದು ಇವನ ಕೈಲಾಗದು ಅನ್ನೋ ಧಾಟಿ. ಕೆಲಸ ಮದ್ರಾಸಿನ ಪಾದ್ರಿ ಟೇಲರ್‌ಗೆ ಹೋಯ್ತು.

ಇನ್ನೊಬ್ಬ ಸಹೋದರ ರಾಮಸ್ವಾಮಿ ಮಾತ್ರ ಯಾರನ್ನೂ ಕಾಯಲಿಲ್ಲ. 1829ರಲ್ಲಿ ಕಲ್ಕತ್ತದಲ್ಲಿ ದಖ್ಖನಿನ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ, ಸ್ವಂತ ಹೆಸರಲ್ಲಿ! ಮೂವರಲ್ಲಿ ನನಗೆ ಇವನೇ ಇಷ್ಟ.

ನಮ್ಮ ಕಡೆಯವರೇ ಬೇಕಾ? ಶ್ರೀರಂಗಪಟ್ಟಣದ ಹತ್ತಿರದ ಮಂಡ್ಯಂ ಕೊಪ್ಪಲಿನ ಆರ್. ನರಸಿಂಹಾಚಾರ್ಯರು ಇದ್ದಾರೆ. ಮೇಷ್ಟರಾಗಿ, ಭಾಷಾಂತರಕಾರರಾಗಿ ದುಡಿದು, ರೈಸ್ ಕೈಕೆಳಗೆ ಸೇರಿ, 1906ರಲ್ಲಿ ಅದೇ ಇಲಾಖೆಯ ಮುಖ್ಯಸ್ಥರಾದರು. ಮರುವರ್ಷ ಕರ್ನಾಟಕ ಕವಿಚರಿತೆಯ ಮೊದಲ ಸಂಪುಟ ಬಂತು, ಮೂರನೆಯದು ಬಂದದ್ದು 1929ಕ್ಕೆ. ಇಲಾಖೆ ಕೆಲಸದ ನಡುವೆ ಇದು!

ಹೆಸರು ಅಂದಾಗ ನೆನಪಾಯ್ತು, ಕೆ.ಆರ್.ಪೇಟೆಗೆ ಹಿಂದೆ ಅತ್ತಿಗುಪ್ಪೆ ಅಂತಿದ್ದರು, ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್. ಹಳೇ ದಾಖಲೆ ಹುಡುಕೋರು ಇದನ್ನು ಮರೆತ್ರೆ ಊರೇ ಸಿಗಲ್ಲ. ನಾನು ಒಂದು ಭಾನುವಾರ ಪೂರ್ತಿ ಹಾಗೇ ಕಳೆದಿದ್ದೀನಿ.

ಎರಡನೇ ಅಧ್ಯಾಯ ಬರೆಯಲ್ಲ ಅಂತ ಹೇಳಿಬಿಟ್ಟೆ. ಬಾಕಿ ದುಡ್ಡು ಬರಲಿಲ್ಲ, ಇನ್ನು ಬರೋದೂ ಇಲ್ಲ ಬಿಡಿ. ಕಳೆದ ಶನಿವಾರ ಬೈಕ್ ಹತ್ತಿ ನಾಗಮಂಗಲದ ಕಂಬದಹಳ್ಳಿ ಬಸದಿಗೆ ಹೋಗಿ ಬಂದೆ. ಅದರ ಮೇಲೆ ಒಂದು ಲೇಖನ ಶುರುವಾಗಿದೆ. ಮೂರು ಪುಟ ಆಗಿದೆ, ಮೇಲೆ ನನ್ನ ಹೆಸರಿದೆ, ಶೀರ್ಷಿಕೆ ಇನ್ನೂ ಹೊಳೆದಿಲ್ಲ. ಈ ನಾಲ್ಕು ತಾಲ್ಲೂಕಿನವರು ಯಾರಾದ್ರೂ ಓದ್ತಾ ಇದ್ರೆ, ನಿಮ್ಮ ಮನೆ ಅಟ್ಟದ ಮೇಲೆ ಶಾನುಭೋಗಿಕೆ ಕಾಲದ ಕಡತ ಇದ್ರೆ, ದಯವಿಟ್ಟು ಒಂದು ಮಾತು ತಿಳಿಸಿ. ನಾನೇ ಬಂದು ನೋಡ್ಕೊಂಡು ಹೋಗ್ತೀನಿ. ಬರೆದಾಗ ನಿಮ್ಮ ಹೆಸರನ್ನೂ ಹಾಕ್ತೀನಿ.